ಭೇಟಿಯ ಉದ್ದೇಶ

ವಿಕಾಸಸೌಧದ ಪಾಸ್ ಕೌಂಟರಿನಲ್ಲಿ
ಹತ್ತೊಂಬತ್ತು ವರ್ಷದಿಂದ ಒಂದೇ ಮಾತು ಬರೆದಿದ್ದೇನೆ:
ಸೌಜನ್ಯ ಭೇಟಿ.
ಕೈ ತಾನೇ ಬರೆಯುತ್ತದೆ ಈಗ, ಕಣ್ಣು ಬೇಕಿಲ್ಲ.

ಕಾರ್ಡಿನಲ್ಲಿರುವುದು ಪಿ. ಎನ್. ತ್ರಿಯಂಬಕ, ಸಂಪರ್ಕಾಧಿಕಾರಿ,
ಕ್ವಾರಿ ಮತ್ತು ಕ್ರಷರ್ ಮಾಲೀಕರ ಒಕ್ಕೂಟ.
ದಲ್ಲಾಳಿ ಅಂತ ಬೆನ್ನ ಹಿಂದೆ ಅಂದವರುಂಟು,
ಎದುರಿಗೆ ಅಂದವಳು ಹೆಂಡತಿ ಒಬ್ಬಳೇ.
ಲಕೋಟೆ ಮುಟ್ಟಿದವನಲ್ಲ ನಾನು.
ನನ್ನ ಬಂಡವಾಳ ನೆನಪು:
ಯಾವ ಸಾಹೇಬರ ತಾಯಿಗೆ ಯಾವ ಮಂಡಿ ಆಪರೇಷನ್ ಆಯಿತು,
ಯಾರ ಮಗಳಿಗೆ ಪಿಯುಸಿ ಗಣಿತದಲ್ಲಿ ಎರಡಂಕ ಕಡಿಮೆ ಬಂತು,
ಯಾರು ಏಕಾದಶಿಗೆ ಕಾಫಿಯನ್ನೂ ಕುಡಿಯುವುದಿಲ್ಲ.
"ಅಮ್ಮನ ಮಂಡಿ ಹೇಗಿದೆ ಸಾರ್?" ಅನ್ನುತ್ತೇನೆ.
ಫೈಲು ಮೇಜಿನ ಆ ತುದಿಯಿಂದ ಈ ತುದಿಗೆ
ತಾನಾಗಿ ಬರುತ್ತದೆ.

ಒಕ್ಕೂಟದವರು ಈಗ ನೀತಿಸಂಹಿತೆ ಅಚ್ಚು ಹಾಕಿಸಿದ್ದಾರೆ. ಹನ್ನೊಂದು ಪುಟ.
ಸಾವಿರ ರೂಪಾಯಿ ಮೀರಿದ ಉಡುಗೊರೆ ಕೂಡದು.
ಪ್ರತಿ ಪುಟದ ಬುಡದಲ್ಲೂ ಸಹಿ ಹಾಕಿದೆ.
ಮಂಡಿಯ ಬೆಲೆ ಎಷ್ಟೆಂದು ಎಲ್ಲೂ ಬರೆದಿರಲಿಲ್ಲ.

ಅವತ್ತು ಬುಧವಾರ. ಒಂದೇ ಅಂಕಿಯ ಕೆಲಸ.
ಶಾಲೆಗೂ ಕ್ರಷರಿಗೂ ನಡುವೆ ೫೦೦ ಮೀಟರ್ ಅಂತ ಕರಡಿನಲ್ಲಿದೆ,
ಐದನ್ನು ಎರಡು ಮಾಡಬೇಕು. ಅಷ್ಟೇ.
೫ಕ್ಕಿಂತ ೨ ಬರೆಯುವುದು ಸಲೀಸು ಕೂಡ.

ಉಪ ಕಾರ್ಯದರ್ಶಿ ಹೊಸಬರು, ನೀಲವ್ವ ಬ್ಯಾಳಿ, ಕೊಪ್ಪಳದ ಕಡೆಯವರು.
ಅವರ ಮನೆಯ ಸಂಗತಿ ನನಗೇನೂ ತಿಳಿದಿರಲಿಲ್ಲ,
ಎರಡು ವಾರ ಬೆನ್ನು ಬಿದ್ದರೂ ಡ್ರೈವರು ಬಾಯಿಬಿಟ್ಟಿರಲಿಲ್ಲ.
ಬರಿಗೈ ಅಂದರೆ ಏನೆಂದು ಆ ಕುರ್ಚಿಯಲ್ಲಿ ಗೊತ್ತಾಯಿತು.

ಪೂರ್ತಿ ಕೇಳಿದರು. ಆಮೇಲೆ
ಡ್ರಾಯರಿನಿಂದ ಒಂದು ಉದ್ದ ನೋಟುಪುಸ್ತಕ ತೆಗೆದು ನನ್ನತ್ತ ತಿರುಗಿಸಿದರು.
"ಯಾರ ಪರ ಬಂದೀರಿ, ಏನ್ ಕೇಳಿದ್ರಿ, ಬರೀರಿ."
ಬರೆದೆ: ಸೌಜನ್ಯ.
ನಗಲಿಲ್ಲ, ಬೈಯಲೂ ಇಲ್ಲ. ಅದರ ಮೇಲೊಂದು ಗೆರೆ ಎಳೆದರು.
"ಸೌಜನ್ಯಕ್ಕ ಪಾಸ್ ಬೇಕಾಗೂದಿಲ್ರಿ. ಖರೇ ಬರೀರಿ."

ಮಕ್ಕಳ ಕಿಟಕಿಗೆ ಧೂಳು ಮುನ್ನೂರು ಮೀಟರ್ ಹತ್ತಿರ ಬರಲಿ.
ಹಾಗೆ ಬರೆಯಲಿಲ್ಲ, ಉದ್ಯಮಸ್ನೇಹಿ ಪರಿಷ್ಕರಣೆ ಅಂತ ಬರೆದೆ.
ಬರೆಯುತ್ತ ಓದಿಕೊಂಡದ್ದು ಮಾತ್ರ ಅದನ್ನೇ.

ಎದುರು ಪುಟ ಖಾಲಿ. ತಲೆಬರಹವಷ್ಟೇ ಇತ್ತು: ಶಾಲೆಯ ಕಡೆಯವರು.
"ಇನ್ನೂ ಯಾರೂ ಬಂದಿಲ್ಲ. ಸೋಮವಾರ ಸಹಿ ಹಾಕಬೇಕು ನಾ."

ಆಚೆ ಬಂದೆ. ಮೆಟ್ರೊ ಗೇಟಿನ ಬಳಿ ಸೌತೆಕಾಯಿಯವಳು
ಕೇಳದೆಯೇ ಖಾರದಪುಡಿ ಜಾಸ್ತಿ ಉದುರಿಸಿದಳು.
ಅದಕ್ಕೂ ಸೇರಿಸಿ ಕೊಡಲೇ ಎಂದು ಒಂದು ಕ್ಷಣ ಯೋಚಿಸಿದೆ.

ಗೊಲ್ಲರಬೈಲು ಶಾಲೆಯ ಸಿದ್ದಗಂಗಯ್ಯ ಮೇಷ್ಟ್ರ ನಂಬರು
ನನ್ನ ಫೋನಿನಲ್ಲಿತ್ತು,
ತಕರಾರು ತೆಗೆಯಬಹುದಾದವರು ಎಂಬ ಪಟ್ಟಿಗೆ
ನಾನೇ ಸೇರಿಸಿದ್ದು.

ಸಂಬಳ ಈಗಲೂ ಒಕ್ಕೂಟದ್ದೇ.
ಇನ್ನೂರು ಸಾಕು ಅಂತ ನಾಳೆಯೂ ವಾದಿಸುತ್ತೇನೆ, ಹೆಸರು ಹಾಕಿ, ಬರೆದುಕೊಟ್ಟು.
ಆದರೆ ಆ ಖಾಲಿ ಪುಟದೆದುರು ಗೆಲ್ಲುವುದು
ಜೋಡಿ ಬರುವ ಮೊದಲೇ ಅಖಾಡಕ್ಕಿಳಿದು
ಮಣ್ಣಿಗೆ ತೊಡೆ ತಟ್ಟಿ ತೋರಿಸಿದ ಹಾಗೆ.

ಮೂರನೇ ರಿಂಗಿಗೆ ಎತ್ತಿದರು. ಹಿಂದೆ ಹದಿಮೂರರ ಮಗ್ಗಿ ನಡೆದಿತ್ತು.
"ಮೇಷ್ಟ್ರೇ, ಮೂರು ಗಂಟೆ ಮೇಲೆ ಒಳಗೆ ಬಿಡುತ್ತಾರೆ. ಆಧಾರ್ ತನ್ನಿ.
ಭೇಟಿಯ ಉದ್ದೇಶ ಅಂತ ಒಂದು ಅಂಕಣ ಇರುತ್ತದೆ, ಅಲ್ಲಿ..."
ಕೆಮ್ಮಿದರು. ತುಂಬ ಹೊತ್ತು ಕೆಮ್ಮಿದರು.
ಮಗ್ಗಿ ಹದಿಮೂರೆಂಟ್ಲಲ್ಲಿ ನಿಂತು ಕಾಯಿತು.
ಆಮೇಲೆ ಕೇಳಿದರು:
"ತಾವು ಯಾರ ಕಡೆಯವರು ಸ್ವಾಮೀ?"