ಸುಂಕದವನ ಮುಂದೆ

ಸುಂಕದವನ ಮುಂದೆ ಸುಖದುಃಖ ಹೇಳಬೇಡ ಅಂತಾರೆ.
ಆ ಸುಂಕದವನು ನಾನೇ.
ಸಂಡೂರು ರಸ್ತೆ, ಕಾಟಾದ ಪಕ್ಕ ತಗಡಿನ ಕೋಣೆ,
ಒಂದು ಟ್ಯೂಬ್‌ಲೈಟು, ಒಂದು ರಿಜಿಸ್ಟರು,
ಕಿವಿಯ ಮಡಿಕೆಯಲ್ಲೂ ಕೆಂಪು ದೂಳು.
ರಾತ್ರಿಯಿಡೀ ಅದಿರಿನ ಲಾರಿಗಳು
ಉಸಿರು ಬಿಡುತ್ತ ಬಂದು ನಿಲ್ಲುತ್ತಿದ್ದವು.
ಪರ್ಮಿಟ್ಟಿನ ಮಡಿಕೆಯಲ್ಲಿ ನೋಟು.
ನೋಟು ಕೊಟ್ಟ ಲಾರಿ ಬರಲೂ ಇಲ್ಲ, ಹೋಗಲೂ ಇಲ್ಲ.
ಹಾಗಿತ್ತು ನಮ್ಮ ವ್ಯಾಕರಣ.

ಒಂದು ರಾತ್ರಿ ನೋಟಿನ ಜೊತೆ ಪುಸ್ತಕವೂ ಬಂತು,
ಅಂಗೈಯಗಲ, ನೀಲಿ ರಟ್ಟು.
ಕ್ಲೀನರ್ ಸಮಾಧಾನಂ, ಆದೋನಿ ಕಡೆಯ ಹುಡುಗ,
ಕಿಟಕಿಯಿಂದ ಬಗ್ಗಿ ನಕ್ಕ:
"ಓದ್ರಿ ಸಾರ್, ನಿಮ್ಮ ಡಿಪಾರ್ಟ್‌ಮೆಂಟಿನೋನೇ ಬರದಾನ."

ಓದಿದೆ. ಹೌದು, ನಮ್ಮವನೇ.
ಮೊದಲ ಪುಟದಲ್ಲೇ ಲೆಕ್ಕ:
ಅಪ್ಪ, ಮಗ, ಅಪ್ಪ, ಮಗ,
ಹದಿನಾಲ್ಕು ತಲೆ, ಹದಿನಾಲ್ಕು, ಮತ್ತೆ ಹದಿನಾಲ್ಕು.
ನಡುವೆ ಐವರು ಹೆಂಗಸರು.
ಒಬ್ಬಳಿಗೆ ಹೆಸರಿಲ್ಲ, ಇಂಥವನ ಹೆಂಡತಿ ಅಂತಷ್ಟೇ.
ಆದರೂ ಹೊಡೆದುಹಾಕಿಲ್ಲ.
ಮುಂದೆ ಮೀನಿನ ಬಾಯಲ್ಲೊಂದು ನಾಣ್ಯ,
ಅದೂ ತೆರಿಗೆ ಕಟ್ಟಲಿಕ್ಕೆ!
ಬೆಳಗ್ಗೆ ಬಂದ ಕೂಲಿಗೂ ಸಂಜೆ ಬಂದವನಿಗೂ ಒಂದೇ ಪಗಾರ.
ಬರೆಯುವಾಗ ಅವನ ಕೈ ನಡುಗಿರಬೇಕು,
ಯಾವ ಆಡಿಟ್ಟಿಗೂ ನಿಲ್ಲದ ಲೆಕ್ಕ ಅದು.
ಕಟ್ಟೆ ಬಿಟ್ಟೆದ್ದರೂ ಕಾರಕೂನ ಕಾರಕೂನನೇ.

ತನ್ನದನ್ನು ಮಾತ್ರ ಒಂದೆರಡು ಸಾಲಲ್ಲಿ ಮುಗಿಸಿದ್ದಾನೆ:
ಕಪೆರ್ನೌಮಿನ ಸುಂಕದ ಕಟ್ಟೆ. ಕರೆ ಬಂತು. ಎದ್ದ.
ಗಲ್ಲೆಯ ಕೀಲಿ ಯಾರಿಗೆ ಕೊಟ್ಟ?
ಉಳಿದ ಬಾಕಿ ಯಾರ ತಲೆಗೆ?
ನನಗೆ ಬೇಕಿದ್ದದ್ದು ಅದೊಂದೇ. ಅದನ್ನೇ ಬರೆದಿಲ್ಲ.

ಅಭ್ಯಾಸಬಲ, ಬೆರಳು ಮಡಿಸಿ ಎಣಿಸಿದೆ.
ಕಡೆಯ ಪಟ್ಟಿಯಲ್ಲಿ ಹದಿಮೂರೇ ಹೆಸರು.
ಇನ್ನೊಮ್ಮೆ ಎಣಿಸಿದೆ. ಹದಿಮೂರು.
ಸಿಕ್ಕಿಬಿದ್ಯಲ್ಲಪಾ ಗುರುವೇ,
ಎಂದು ಒಬ್ಬನೇ ನಕ್ಕೆ.

ಆರು ದಿನ ಬಿಟ್ಟು ಒಂದು ಹೆಂಗಸು ಬಂದಳು, ಕೈಯಲ್ಲಿ ಫೋಟೋ.
ಘಾಟಿಯ ತಿರುವಿನಲ್ಲಿ ಲಾರಿ ಮಗುಚಿತ್ತು,
ಅದಿರಿನಡಿ ಸಮಾಧಾನಂ.
ಬೆಳಕಾಗುವುದರೊಳಗೆ ಕ್ರೇನು ಬಂದು ಲಾರಿ ಮಾಯ.
ಆ ರಾತ್ರಿ ನಮ್ಮ ಗಾಡಿ ರೋಡಿಗೇ ಇಳಿದಿಲ್ಲ
ಅಂದನಂತೆ ಮಾಲೀಕ.
"ನಿಮ್ಮ ಪುಸ್ತಕದಾಗ ಇರ್ತೈತೆ ಅಂದ್ರು,
ಒಂದೀಟು ನೋಡ್ರಿ ಸಾಮಿ."
ತೆರೆದೆ.
ಹನ್ನೊಂದು ನಲವತ್ತರ ಲಾರಿ ಇದೆ, ಹನ್ನೆರಡು ಹತ್ತರದ್ದಿದೆ.
ನಡುವೆ ಒಂದು ಗೆರೆ.
ಓದು ಬಾರದವಳು ಸಾಲಿನಿಂದ ಸಾಲಿಗೆ ಬೆರಳಿಟ್ಟು ಕೇಳಿದಳು:
ಇದಾ? ಇದಾ?
ಇದಾ?

ಆ ಗೆರೆಯ ಮೇಲೆ, ಇರುಕಿನಲ್ಲಿ, ಬರೆದೆ:
ಲಾರಿ ನಂಬರು. ತೂಕ. ಹೆಚ್ಚುವರಿ ಒಂಬತ್ತು ಟನ್ನು.
ಕ್ಲೀನರು ಸಮಾಧಾನಂ.
ಪಡೆದದ್ದು ಇನ್ನೂರು ರೂಪಾಯಿ.
ತಡವಾಗಿ ದಾಖಲಿಸಿದವನು, ಪಡೆದವನೂ, ಗಾದಿಲಿಂಗಪ್ಪ.
ಅವನೂ ಅಷ್ಟೇ. ಹನ್ನೆರಡು ಜನರ ಪಟ್ಟಿಯಲ್ಲಿ
ಯಾರ ಕಸುಬನ್ನೂ ಬರೆಯದೆ
ತನ್ನ ಹೆಸರಿಗೊಂದಕ್ಕೇ ಅಂಟಿಸಿದ್ದಾನೆ,
ಸುಂಕದವನು.

ಕೆಲಸ ಹೋಯಿತು. ಅದೇನು ದೊಡ್ಡ ಕತೆಯಲ್ಲ.
ಕೌಲ್ ಬಜಾರಿನ ಪಾಸ್ಟರಮ್ಮನನ್ನು ಕೇಳಿದೆ, ಆಮೇಲೆ ಅವನೇನಾದ?
ಸತ್ತ ಜಾಗ ಅಂತ ಒಬ್ಬೊಬ್ಬರು ಒಂದೊಂದು ದೇಶ ಹೇಳುತ್ತಾರಂತೆ.
ಆ ಪುಸ್ತಕ ಅವನದೇ ಎನ್ನಲಿಕ್ಕೂ ಸಹಿಯಿಲ್ಲವಂತೆ.
ಇರಲಿ. ಹಾಕದೆ ಬಿಟ್ಟ ಸಹಿಯ ಭಾರ ನನಗೆ ಗೊತ್ತು,
ಹಾಕಿದ್ದರದೂ.

ಈಗ ಬಳ್ಳಾರಿಯಲ್ಲಿ, ಕಚೇರಿ ಮುಂದಿನ ಬೇವಿನಡಿ
ಅರ್ಜಿ ಬರೆಯುತ್ತೇನೆ, ಹಾಳೆಗೆ ಹತ್ತು ರೂಪಾಯಿ.
ಸಮಾಧಾನಂನ ಹೆಂಡತಿಯ ಕೇಸು ಇನ್ನೂ ನಡೀತಿದೆ,
ತಾರೀಖಿನ ದಿನ ನನ್ನ ಡಬ್ಬಿಯ ಚಹಾ ಕುಡಿದು ಹೋಗುತ್ತಾಳೆ.
ಸುಖ ಹೇಳಲು ಬರುವವರು ಕಮ್ಮಿ.
ಉಳಿದವರು ಎಲ್ಲಿಂದ ಶುರು ಮಾಡ್ಲಿ ಸಾಮಿ ಅಂತಾರೆ.
ಅಪ್ಪನ ಹೆಸರಿಂದ, ಅಂತೀನಿ.
ಹಾಗೇ ಅವ್ವನದೂ ಹೇಳು.
ಫಾರಮ್ಮಿನಲ್ಲಿ ಜಾಗ ಇಲ್ಲ,
ಇರುಕಿನಲ್ಲಿ ಬರೀತೀನಿ.