ಕೊನೇ ಸುತ್ತು

ಜಕ್ಕೂರಿನಾಚೆ, ಲೇಔಟಾಗಲು ಕಾದಿರುವ ಬಯಲು.
ಟ್ಯಾಂಕರ್ ನೀರು ಬಿಟ್ಟು ಬೇಕಂತಲೇ ಮಾಡಿದ ಕೆಸರು,
ಕೊಡ ನೀರಿಗೆ ಜಗಳವಾಡುವ ಊರಲ್ಲಿ!

ನನ್ನ ಕೆಲಸ ಸಣ್ಣದು:
ಬಕೆಟ್ಟು, ಹಳೇ ಟೂತ್‌ಬ್ರಷ್ಷು, ಬದಲಿ ಚಕ್ರ,
ಎಡಜೇಬಲ್ಲಿ ಆರು ಕಡಲೆಕಾಯಿ.
ಅವಳು ಒಂದು ಸುತ್ತು ಮುಗಿಸಿದರೆ ಒಂದು ಬಲಜೇಬಿಗೆ.

ಅಡ್ಡಹಲಗೆ ಬಂತು. ಇಳಿದಳು ವಾರಿಜ,
ಸೈಕಲ್ಲನ್ನೇ ಹೆಗಲಿಗೇರಿಸಿ ಓಡಿದಳು
ಸಿಲಿಂಡರ್ ಹೊತ್ತು ಮೂರನೇ ಮಹಡಿ ಹತ್ತುವ ಹುಡುಗನ ಹಾಗೆ.
ಅವಳು ಜಾರಿದಾಗೆಲ್ಲ ನನ್ನ ಮೊಣಕಾಲು ನಡುಗಿತು.
ಯಾವಾಗಲೋ, ಹೆದರಿಕೆಗೆ,
ಒಂದು ಕಾಯಿ ಸುಲಿದು ತಿಂದೇಬಿಟ್ಟೆ.

ಎಡಜೇಬಲ್ಲಿ ಉಳಿದದ್ದು ಒಂದೇ.
'ಕೊನೇ ಸುತ್ತು!' ಎಂದು ಗಂಟಲು ಹರಿಯುವಂತೆ ಕೂಗಿದೆ.

ಇದ್ದ ಉಸಿರನ್ನೆಲ್ಲ ಸುರಿದಳು,
ಇಬ್ಬರನ್ನು ಹಿಂದೆ ಹಾಕಿ ಗೆರೆ ದಾಟಿದಳು.
ಆಗ ಬಾರಿಸಿತು ಗಂಟೆ:
ಇನ್ನೂ ಒಂದಿದೆ.
ನನ್ನತ್ತ ತಿರುಗಿದಳು. ಕೆಸರಿನಲ್ಲಿ ಕಣ್ಣೆರಡೇ ಬಿಳಿ.
ಏನೂ ಅನ್ನಲಿಲ್ಲ. ಹೋದಳು.
ಆ ಇಬ್ಬರೂ ಮತ್ತೆ ಮುಂದಾದರು, ಇನ್ನೂ ಮೂವರು.

ರಾತ್ರಿ ಬಚ್ಚಲಲ್ಲಿ ಕೂತು ಚೈನು ಉಜ್ಜುತ್ತಿದ್ದೇನೆ,
ಮೋರಿಗೆ ಕೆಂಪುನೀರು.
ಒಗೆಯಲು ಹಾಕಿದ ನನ್ನ ಪ್ಯಾಂಟಿನಿಂದ
ಸಿಪ್ಪೆ ತೆಗೆದು ಬಾಗಿಲಲ್ಲಿ ನಿಂತಿದ್ದಾಳೆ:

'ಮುಂದಿನ ಸಲ ನಟ್ಟು ಇಟ್ಕೊ ಮಾರಾಯ,
ತಿನ್ನೋಕಾಗಲ್ಲ.'