ಮನೆಮದ್ದು

ಹಾಸನದ ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು
ಇಪ್ಪತ್ತಾರು ವರ್ಷದಿಂದ ಕೂತಿದ್ದೇನೆ.
ಮೊದಲು ಟೈಪ್‌ರೈಟರು, ಈಗ ಲ್ಯಾಪ್‌ಟಾಪು,
ತಲೆಯ ಮೇಲಿನ ಟಾರ್ಪಾಲು ಇದು ಮೂರನೆಯದು.

ದುದ್ದದ ಹೊನ್ನಾಜಮ್ಮನ ಅರ್ಜಿಗಳೆಲ್ಲ ಈ ಬೆರಳಿನವೇ.
'ತಮ್ಮಲ್ಲಿ ಸವಿನಯ ಪ್ರಾರ್ಥನೆ' ಎಂಬಲ್ಲಿ
ಮೊದಮೊದಲು ಗಂಟಲು ಕಟ್ಟುತ್ತಿತ್ತು.
ಆಮೇಲೆ ತಾರೀಖು ಬದಲಿಸುವುದಷ್ಟೇ.

ಇವತ್ತಿನದು ಬೇರೆ ನಮೂನೆ. ಜಿನೀವಾ ಎಂಬ ಊರಿಗೆ.
ವಕೀಲೆ ಶಾಹೀನಾ ಕನ್ನಡ ಮಾಡಿ ಓದಿದರು:
'ದೇಶದೊಳಗಿನ ಪರಿಹಾರಗಳೆಲ್ಲ ಮುಗಿದಿವೆಯೇ?
ಇಲ್ಲವಾದರೆ ಏಕಿಲ್ಲ? ವಿವರಿಸಿ.'

ಹೊನ್ನಾಜಮ್ಮ ಎಲೆಯಡಿಕೆಯನ್ನು ಕೆನ್ನೆಗೆ ಸರಿಸಿ,
'ಪರಿಹಾರ ಬಂದೇ ಇಲ್ಲ ಕಣವ್ವ, ಮುಗಿಯೋದೆಲ್ಲಿ?'
ದುಡ್ಡಲ್ಲಮ್ಮ, ದಾರಿ. ತಟ್ಟಬೇಕಾದ ಬಾಗಿಲುಗಳು.
'ಓ, ಮನೆಮದ್ದು ಅನ್ನಿ.
ಶುಂಠಿ ಕಷಾಯ, ಲಕ್ಕಿಸೊಪ್ಪಿನ ಶಾಖ, ಹಣೆಗೆ ಸುಣ್ಣ,
ಎಲ್ಲಾ ಆದ್ಮೇಲೆ ತಾನೆ ದೊಡ್ಡಾಸ್ಪತ್ರೆ?
ಬರ್ಕೊಳಪ್ಪ, ಮುಗ್ದದೆ.'

ಹೇಗೆ ಮುಗಿಯಿತೆಂದು ಬರೆಯಬೇಕಲ್ಲ.
ಜವರ, ಮೂವತ್ತೊಂದು, ಆಲೂಗಡ್ಡೆ ಮಂಡಿಯಲ್ಲಿ ಹಮಾಲಿ.
ಆ ಹೆಸರಿಟ್ಟರೆ ಜವರಾಯ ಮುಟ್ಟುವುದಿಲ್ಲವೆಂದು
ಎರಡು ಕೂಸು ಕಳಕೊಂಡಿದ್ದ ಇವಳೇ ಇಟ್ಟದ್ದು.
ಯಾರದೋ ಪಂಪ್‌ಸೆಟ್ಟಿನ ಮೋಟಾರು ಕಳುವಾಯಿತು, ಕರಕೊಂಡು ಹೋದರು.
ಮೂರನೇ ದಿನ ಕೋಳಿ ಕೂಗುವ ಹೊತ್ತಿಗೆ ಫೋನು: ಎದೆನೋವು.

ಎದೆನೋವಿಗೆ ಅಂಗಾಲು ಯಾಕೆ ಕಪ್ಪಾಯಿತು?
ಹನ್ನೊಂದು ವರ್ಷದಲ್ಲಿ ಹದಿನೇಳು ಸಲ
ನಾನು ಹೊಡೆದ ವಾಕ್ಯ ಇದು.
ಒಮ್ಮೊಮ್ಮೆ ಪ್ರಶ್ನಾರ್ಥಕ ಬಿಟ್ಟೂ ಹೋಗಿದೆ.

ಠಾಣೆಯಲ್ಲಿ ದೂರು ತಗೊಳ್ಳಲಿಲ್ಲ.
ಎಸ್ಪಿ ಆಫೀಸಿನ ಸ್ವೀಕೃತಿ ಇದೆ, ತಾರೀಖಿನ ಮೇಲೆ ಕಾಫಿ ಚೆಲ್ಲಿದೆ.
ಡೀಸಿ ಕಚೇರಿಯ ಹಿಂಬರಹ: ನಮ್ಮ ವ್ಯಾಪ್ತಿಗೆ ಬರುವುದಿಲ್ಲ.
ಖಾಸಗಿ ಫಿರ್ಯಾದು, ಅದಕ್ಕೆ ಬಿ ರಿಪೋರ್ಟು, ಅದಕ್ಕೆ ತಕರಾರು,
ತಕರಾರಿಗೆ ವಾಯಿದೆ, ವಾಯಿದೆಗೊಂದು ವಾಯಿದೆ,
ಜಡ್ಜಿಗೆ ವರ್ಗ, ಹೊಸ ಜಡ್ಜಿಗೆ ರಜೆ.
ಬೆಂಗಳೂರಿನ ಆಯೋಗಕ್ಕೆ ಹದಿನಾಲ್ಕು ಸಲ ರೈಲು.
ಅಲ್ಲಿಯ ಜವಾನ ಒಮ್ಮೆ ಕೇಳಿದನಂತೆ,
'ಅಜ್ಜಿ, ಊಟ ಆಯ್ತಾ?'
ಇದನ್ನೂ ಬರಿ ಅನ್ನುತ್ತಾಳೆ. ಯಾವ ಕಾಲಂನಲ್ಲಿ?

ಹೈಕೋರ್ಟಿನದು ಹನ್ನೆರಡು ಪುಟ,
ಕೊನೆಯ ಸಾಲು ಅವಳಿಗೆ ಬಾಯಿಪಾಠ.
ದೆಹಲಿಯದು ಒಂದೇ ಸಾಲು.

ಎಲ್ಲ ಒಂದು ಆಲೂಗಡ್ಡೆ ಚೀಲದಲ್ಲಿದೆ.
ಮಂಡಿಯಲ್ಲಿ ತೂಗಿಸಿಯೂ ಬಂದಿದ್ದಾಳೆ, ಒಂಬತ್ತೂವರೆ ಕೇಜಿ.
'ಅವ್ನು ಹುಟ್ದಾಗ ಇದ್ರಲ್ಲಿ ಕಾಲು ಭಾಗ ಇದ್ದ.'

ಹೊಡೆದೆ: ಮುಗಿದಿವೆ.
ಮುಗಿಯುವುದು ಕೈಯೂ ಹೌದಲ್ಲ.
ಇಷ್ಟು ವರ್ಷ ಇವಳು ಮುಗಿದದ್ದು ಅದನ್ನೇ,
ಮೇಜಿಗೆ, ಮೊಹರಿಗೆ, ಬಾಗಿಲಲ್ಲಿ ನಿಂತ ಪೇದೆಯ ಬೆಲ್ಟಿಗೆ.

ಆಗ ಶಾಹೀನಾ, ತಡೆತಡೆದು:
'ಮೊದಲೇ ಹೇಳಬೇಕಿತ್ತು.
ತೀರ್ಮಾನ ಕೊಡುವ ಬಾಗಿಲಿಗೆ ನಮ್ಮ ದೇಶ ಸಹಿ ಹಾಕಿಲ್ಲ.
ಇದು ಬರೀ ಕಾಗದ. ಅವರು ದೆಹಲಿಯನ್ನ ಕೇಳ್ತಾರೆ,
ದೆಹಲಿ ಹೇಳಿದ್ರೆ ಹೇಳ್ತು.
ಈ ಕಾಗದಕ್ಕೆ ಎಲ್ಲಾ ಮುಗಿದಿರಲೇಬೇಕು ಅಂತಲೂ ಇಲ್ಲ.
ಮೊದಲನೇ ವಾರವೇ ಬರೀಬಹುದಿತ್ತು.'

ನನಗೆ ತಲೆ ಎತ್ತಲಾಗಲಿಲ್ಲ.
ಬಿ.ಎಂ. ರಸ್ತೆಯಲ್ಲಿ ಲಾರಿಯೊಂದು ಗೇರು ಬದಲಿಸುತ್ತಿತ್ತು,
ಬದಲಿಸುತ್ತಲೇ ಇತ್ತು.

'ದೆಹಲಿಯೋರು ಎಸ್ಪಿನ ಕೇಳ್ತಾರಾ?'
ಕೇಳಬಹುದು.
'ಎಸ್ಪಿ ಠಾಣೆಯೋರ್ನ?'
ಹೂಂ.
'ಠಾಣೆಯೋರು ಅವನ ಹೆಸ್ರು ಬರೀಬೇಕಾಗ್ತದಾ,
ಅವರ ಕೈಯಾರೆ?'
ಬರೀಬೇಕಾಗಬಹುದು.
'ಹಂಗಾರೆ ಹಾಕು.'

ಅಂಗಾಲಿನ ವಾಕ್ಯ ಮತ್ತೆ ಹೊಡೆದೆ. ಹದಿನೆಂಟನೆಯದು.
ಪ್ರಶ್ನಾರ್ಥಕ ಇದೆಯೇ ಎಂದು
ಎರಡು ಸಲ ನೋಡಿಕೊಂಡೆ.